ಗುಳೆ ಹೋದವರ ಆರೋಗ್ಯ ಮತ್ತು ನಮ್ಮ ಹೊಣೆ

ಚರಕಸಂಹಿತೆಯ ವಿಮಾನಸ್ಥಾನದ ಮೂರನೆಯ ಅಧ್ಯಾಯಕ್ಕೆ ‘ಜನಪದೋದ್ಧ್ವಂಸನೀಯ’ ಎಂದು ಹೆಸರು. ಜನಪದವೆಂದರೆ ಜನರು ನೆಲೆಸಿದ ನಾಡು, ಉದ್ಧ್ವಂಸವೆಂದರೆ ನಾಶ. ಪಾಂಚಾಲ ದೇಶದ ರಾಜಧಾನಿಯಾದ ಕಾಂಪಿಲ್ಯದಲ್ಲಿ, ಬೇಸಿಗೆಯ ಕೊನೆಯ ತಿಂಗಳಿನಲ್ಲಿ, ಗಂಗಾತೀರದ ಕಾಡಿನಲ್ಲಿ ಶಿಷ್ಯರೊಡನೆ ಸಂಚರಿಸುತ್ತಿದ್ದ ಪುನರ್ವಸು ಆತ್ರೇಯರಿಗೆ ಅಗ್ನಿವೇಶನು ಒಂದು ಪ್ರಶ್ನೆಯನ್ನು ಮುಂದಿಡುತ್ತಾನೆ. ಮನುಷ್ಯರ ಪ್ರಕೃತಿ ಬೇರೆ, ಆಹಾರ ಬೇರೆ, ದೇಹಬಲ ಬೇರೆ, ವಯಸ್ಸು ಬೇರೆ. ಹಾಗಿದ್ದೂ ಒಂದೇ ಕಾಲದಲ್ಲಿ ಒಂದೇ ರೋಗವು ಇಡೀ ಜನಪದವನ್ನು ಹೇಗೆ ಹಿಡಿಯುತ್ತದೆ?

ಆತ್ರೇಯರ ಉತ್ತರ ಸರಳವಾದುದು. ಜನರು ತಮ್ಮತಮ್ಮಲ್ಲಿ ಎಷ್ಟೇ ಭಿನ್ನರಾಗಿರಲಿ, ಅವರೆಲ್ಲರಿಗೂ ಸಮಾನವಾದ ನಾಲ್ಕು ಸಂಗತಿಗಳಿವೆ. ಅವು ವಾಯು, ಉದಕ, ದೇಶ ಮತ್ತು ಕಾಲ. ಎಂದರೆ ಗಾಳಿ, ನೀರು, ನೆಲ ಮತ್ತು ಋತು. ಈ ನಾಲ್ಕು ಕೆಟ್ಟಾಗ ಅಲ್ಲಿ ಬಾಳುವವರೆಲ್ಲರೂ ರೋಗಕ್ಕೆ ಈಡಾಗುತ್ತಾರೆ. ಗಾಳಿಗಿಂತ ನೀರನ್ನು, ನೀರಿಗಿಂತ ನೆಲವನ್ನು, ನೆಲಕ್ಕಿಂತ ಕಾಲವನ್ನು ತಪ್ಪಿಸಿಕೊಳ್ಳುವುದು ಹೆಚ್ಚು ಕಷ್ಟವೆಂದೂ ಅಲ್ಲಿ ಹೇಳಿದೆ.

ಆಯುರ್ವೇದವೆಂದೊಡನೆ ವಾತ, ಪಿತ್ತ, ಕಫ ಪ್ರಕೃತಿಗಳು, ಪಥ್ಯಾಪಥ್ಯಗಳು ನಮ್ಮ ನೆನಪಿಗೆ ಬರುತ್ತವೆ. ಅದು ತಪ್ಪಲ್ಲ. ಆದರೆ ಪಥ್ಯವನ್ನು ಪಾಲಿಸಲು ಒಂದು ಮನೆ, ಶುದ್ಧವಾದ ಒಂದು ಕೊಡ ನೀರು, ಹೊಗೆಯಿಲ್ಲದ ಒಂದು ಒಲೆ ಬೇಕು. ಅವೇ ಇಲ್ಲದ ಕಡೆ ವೈದ್ಯನು ಬರೆದುಕೊಟ್ಟ ಚೀಟಿ ಕೇವಲ ಕಾಗದವಾಗಿಬಿಡುತ್ತದೆ. ಹೀಗೆ ನಾಲ್ಕೂ ಒಟ್ಟಿಗೆ ಕೆಟ್ಟಿರುವ ಒಂದು ನೆಲೆಯನ್ನು, ನಮ್ಮದೇ ಊರುಗಳ ಜನ ಹೋಗಿ ಬಾಳುತ್ತಿರುವ ನೆಲೆಯನ್ನು, ಈ ತಿಂಗಳು ಆತ್ರೇಯರ ದೃಷ್ಟಿಯಿಂದ ನೋಡೋಣವೆಂದು ಬಯಸಿದ್ದೇವೆ.

ನೀಲಿ ತಾಡಪತ್ರಿಯ ಊರು

ಕಲಬುರಗಿ, ಯಾದಗಿರಿ, ರಾಯಚೂರು ಜಿಲ್ಲೆಗಳ ಎಷ್ಟೋ ಹಳ್ಳಿಗಳಲ್ಲಿ ಸುಗ್ಗಿ ಮುಗಿದ ಮೇಲೆ ಬಾಗಿಲುಗಳಿಗೆ ಬೀಗ ಬೀಳುತ್ತದೆ. ಗಂಡ, ಹೆಂಡತಿ, ಸಣ್ಣ ಮಕ್ಕಳು ಬೆಂಗಳೂರಿನ ಬಸ್ಸು ಹತ್ತುತ್ತಾರೆ. ಊರಿನಲ್ಲಿ ಉಳಿಯುವವರು ಮುದುಕರು ಮತ್ತು ಶಾಲೆಗೆ ಹೋಗುವ ಮಕ್ಕಳು. ಬೆಂಗಳೂರಿನ ಹೊರವಲಯದಲ್ಲಿ, ಇನ್ನೂ ಕಟ್ಟಡ ಏಳದ ಖಾಲಿ ನಿವೇಶನಗಳಲ್ಲಿ, ಬಿದಿರು ಗಳಗಳ ಮೇಲೆ ನೀಲಿ ತಾಡಪತ್ರಿ ಹೊದಿಸಿದ ಜೋಪಡಿಗಳನ್ನು ತಾವು ನೋಡಿರಬಹುದು. ನಮ್ಮ ಜನ ಇಳಿದುಕೊಳ್ಳುವುದು ಅಲ್ಲಿ. ಬಹುಪಾಲು ಜೋಪಡಿಗಳಲ್ಲಿ ನೆಟ್ಟಗೆ ನಿಲ್ಲುವಷ್ಟು ಎತ್ತರವೂ ಇರುವುದಿಲ್ಲ. ಆ ನೆಲಕ್ಕೂ ಹಲವು ಕಡೆ ಬಾಡಿಗೆ ಕೊಡಬೇಕು.

ಡ್ಯೂಕ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕರಾದ ಅನಿರುದ್ಧ ಕೃಷ್ಣ ಮತ್ತು ಸಂಗಡಿಗರು ಉಪಗ್ರಹ ಚಿತ್ರಗಳಲ್ಲಿ ನೀಲಿ ಚುಕ್ಕೆಗಳಾಗಿ ಕಾಣುವ ಈ ನೆಲೆಗಳನ್ನು ಗುರುತಿಸಿ, ಅಲ್ಲಿಗೆ ಹೋಗಿ ಅಧ್ಯಯನ ನಡೆಸಿದರು. ಅದು 2014ರಲ್ಲಿ ಪ್ರಕಟವಾಯಿತು. ಹಳೆಯ ಕೊಳೆಗೇರಿಗಳಿಗೂ ಇವಕ್ಕೂ ಬಹಳ ಅಂತರವಿದೆಯೆಂಬುದು ಅದರಿಂದ ತಿಳಿದುಬಂತು. ಹಳೆಯ ಕೊಳೆಗೇರಿಗಳಲ್ಲಿ ಗೋಡೆಯುಳ್ಳ ಮನೆ, ವಿದ್ಯುತ್ತು, ಮತದಾರರ ಚೀಟಿ ಇರುತ್ತವೆ. ನೀಲಿ ಜೋಪಡಿಗಳಲ್ಲಿ ಇವು ಯಾವುವೂ ಇಲ್ಲ. ಸರಕಾರದ ಪಟ್ಟಿಯಲ್ಲಿ ಹೆಸರೂ ಇಲ್ಲ.

ಇದಕ್ಕೆ ಕಾರಣವಿದೆ. ಕೊಳಚೆ ಪ್ರದೇಶಗಳ ಅಭಿವೃದ್ಧಿಗೆಂದು ನಮ್ಮ ರಾಜ್ಯದಲ್ಲಿ 1973ರ ಕಾಯಿದೆಯಿದೆ. ಆದರೆ ಒಂದು ಪ್ರದೇಶವನ್ನು ಅದರಡಿ ಘೋಷಿಸಿದ ಮೇಲೆಯೇ ನೀರು, ಚರಂಡಿ, ಶೌಚಾಲಯಗಳ ಹಕ್ಕು ಗಟ್ಟಿಯಾಗುತ್ತದೆ. ಇಂದು ಇಲ್ಲಿ, ಕಟ್ಟಡ ಮುಗಿದೊಡನೆ ಇನ್ನೊಂದೆಡೆ ಎಂಬ ಜೋಪಡಿಯನ್ನು ಘೋಷಿಸುವವರು ಯಾರು? 2011ರ ಜನಗಣತಿಯಂತೆ ಕರ್ನಾಟಕದ ಕೊಳೆಗೇರಿ ನಿವಾಸಿಗಳು ಸುಮಾರು 33 ಲಕ್ಷ. ಆ ಗಣತಿಯಲ್ಲಿ ಕೊಳೆಗೇರಿಯೆಂದು ಪರಿಗಣಿತವಾಗಲು ಒಂದೆಡೆ ಕನಿಷ್ಠ 60ರಿಂದ 70 ಕುಟುಂಬಗಳಾದರೂ ಇರಬೇಕಿತ್ತು. ಇಪ್ಪತ್ತು ಮೂವತ್ತು ಜೋಪಡಿಗಳ ಗುಂಪು ಆ ಲೆಕ್ಕದೊಳಕ್ಕೆ ಬರುವುದೇ ಇಲ್ಲ.

ವಾಯು: ಒಲೆಯ ಹೊಗೆ, ಸಿಮೆಂಟಿನ ಧೂಳು

ಕೆಟ್ಟ ಗಾಳಿಯ ಲಕ್ಷಣಗಳನ್ನು ಹೇಳುವಾಗ ಚರಕಸಂಹಿತೆಯು ಹೊಗೆ, ಧೂಳು, ಮರಳು, ಆವಿ ಇವುಗಳನ್ನು ಎಣಿಸುತ್ತದೆ. ಜೋಪಡಿಯಲ್ಲಿ ಇವೆಲ್ಲವೂ ಇವೆ. ಅಡುಗೆ ಮೂರು ಕಲ್ಲಿನ ಒಲೆಯಲ್ಲಿ. ಉರುವಲು ಕಟ್ಟಡದಲ್ಲಿ ಉಳಿದ ಸೆಂಟ್ರಿಂಗ್ ಹಲಗೆ, ಪ್ಲೈವುಡ್ ಚೂರು. ಬೆಂಕಿ ಹೊತ್ತಿಸಲು ಪ್ಲಾಸ್ಟಿಕ್ ಚೀಲ. ಬಣ್ಣ ಬಳಿದ, ಅಂಟು ಹಾಕಿದ ಹಲಗೆಯ ಹೊಗೆ ಹೊಲದ ಕಟ್ಟಿಗೆಯ ಹೊಗೆಗಿಂತ ಹೆಚ್ಚು ವಿಷಕರ. ಮಳೆ ಬಂದಾಗ ಒಲೆ ಜೋಪಡಿಯ ಒಳಗೆ ಬರುತ್ತದೆ, ಹೊಗೆ ಹೊರಗೆ ಹೋಗಲು ದಾರಿಯಿಲ್ಲ. ತಾಯಿಗೆ ಕಣ್ಣುರಿ ಮತ್ತು ಬಿಡದ ಕೆಮ್ಮು; ಅವಳ ಮಡಿಲಿನ ಕೂಸಿಗೆ ಮೇಲಿಂದ ಮೇಲೆ ನ್ಯುಮೋನಿಯಾ.

ಕೂಸು ಬೇಗಬೇಗನೆ ಉಸಿರಾಡುತ್ತಿದ್ದರೆ, ಉಸಿರೆಳೆದಾಗ ಪಕ್ಕೆಯ ಕೆಳಭಾಗ ಒಳಕ್ಕೆ ಸೆಳೆದುಕೊಳ್ಳುತ್ತಿದ್ದರೆ, ಹಾಲು ಕುಡಿಯದಿದ್ದರೆ ಎದೆಗೆ ಎಣ್ಣೆ ಹಚ್ಚುತ್ತ ಕಾಯಬಾರದು. ಅದೇ ದಿನ ಆಸ್ಪತ್ರೆಗೆ ಒಯ್ಯಬೇಕು.

ಅಡುಗೆ ಅನಿಲದ 5 ಕಿಲೋ ತೂಕದ ಸಣ್ಣ ಸಿಲಿಂಡರನ್ನು ವಿಳಾಸದ ದಾಖಲೆಯಿಲ್ಲದೆ, ಗುರುತಿನ ಚೀಟಿಯೊಂದನ್ನೇ ತೋರಿಸಿ ಪಡೆಯಬಹುದೆಂಬುದು ಅಲ್ಲಿರುವ ಹಲವರಿಗೆ ತಿಳಿದಿಲ್ಲ. 2021ರಲ್ಲಿ ಆರಂಭವಾದ ಉಜ್ವಲ ಯೋಜನೆಯ ಎರಡನೆಯ ಹಂತದಲ್ಲಿ ವಲಸೆ ಕುಟುಂಬಗಳು ವಿಳಾಸಕ್ಕೆ ಸ್ವಯಂಘೋಷಣೆಯನ್ನೇ ಕೊಡಬಹುದೆಂದು ಅವಕಾಶ ಮಾಡಲಾಯಿತು. ಅನಿಲವಿಲ್ಲದವರು ಕನಿಷ್ಠ ಬಣ್ಣದ ಹಲಗೆ ಮತ್ತು ಪ್ಲಾಸ್ಟಿಕ್ಕನ್ನು ಸುಡದಿರಬೇಕು. ಒಲೆ ಉರಿಯುವಾಗ ಕೂಸನ್ನು ಹೊರಗೆ ಇನ್ನೊಬ್ಬರ ಕೈಯಲ್ಲಿರಿಸಬೇಕು.

ಇನ್ನು ಧೂಳು. ಕಲ್ಲು, ಟೈಲ್ಸ್, ಕಾಂಕ್ರೀಟು ಕೊಯ್ಯುವಾಗ ಏಳುವ ಸಿಲಿಕಾ ಧೂಳು ಶ್ವಾಸಕೋಶದಲ್ಲಿ ಕೂತರೆ ಮರಳಿ ಬರುವುದಿಲ್ಲ. ಅದರಿಂದ ಆದ ಹಾನಿಯನ್ನು ಸರಿಪಡಿಸುವ ಔಷಧ ಯಾವ ಪದ್ಧತಿಯಲ್ಲಿಯೂ ಇಲ್ಲ. ಕೊಯ್ಯುವ ಜಾಗಕ್ಕೆ ನೀರು ಹನಿಸುತ್ತ ಕೆಲಸ ಮಾಡುವುದು, ಒಳ್ಳೆಯ ಮುಖಗವಸು ಧರಿಸುವುದು, ಇವೆರಡೇ ರಕ್ಷಣೆ. ಬರಿಯ ವಸ್ತ್ರ ಕಟ್ಟಿಕೊಂಡರೆ ಈ ಸೂಕ್ಷ್ಮ ಧೂಳು ತಡೆಯುವುದಿಲ್ಲ.

ಉದಕ: ಡ್ರಮ್ಮಿನ ನೀರು

ಜೋಪಡಿಗಳಿಗೆ ನೀರು ಬರುವುದು ಟ್ಯಾಂಕರಿನಿಂದ, ಇಲ್ಲವೆ ಕಟ್ಟಡದ ಕೊಳವೆಬಾವಿಯಿಂದ. ಕಾಂಕ್ರೀಟು ಕಲಸುವ ನೀರನ್ನೇ ಕುಡಿಯುವುದೂ ಉಂಟು. ಅದನ್ನು ತುಂಬಿಡುವ ಡ್ರಮ್ಮು ಮೊದಲು ಬಣ್ಣವನ್ನೋ ರಾಸಾಯನಿಕವನ್ನೋ ತುಂಬಿದ್ದಾಗಿರಬಹುದು. ಅಂಥ ಡ್ರಮ್ಮನ್ನು ಎಷ್ಟು ತೊಳೆದರೂ ಕುಡಿಯುವ ನೀರಿಗೆ ಬಳಸಲಾಗದು. ನೀರು ಕಾಯಿಸಿ ಕುಡಿಯಿರಿ ಎಂದು ಹೇಳುವುದು ಸುಲಭ. ಕಾಯಿಸಲು ಉರುವಲು ಬೇಕು. ಆದುದರಿಂದ ಕ್ಲೋರಿನ್ ಮಾತ್ರೆ ಅಲ್ಲಿಗೆ ಹೆಚ್ಚು ಒಪ್ಪುವ ಉಪಾಯ. ನೀರನ್ನು ಒತ್ತಾದ ಬಟ್ಟೆಯಲ್ಲಿ ಸೋಸಿ, ಪೊಟ್ಟಣದ ಮೇಲೆ ಬರೆದಿರುವ ಪ್ರಮಾಣದಂತೆ ಮಾತ್ರೆ ಹಾಕಿ, ಅರ್ಧ ಗಂಟೆ ಬಿಟ್ಟು ಕುಡಿಯಬೇಕು. ಸ್ಫಟಿಕ ತಿರುವಿದರೆ ನೀರು ತಿಳಿಯಾಗುತ್ತದೆ, ಆದರೆ ರೋಗಾಣು ಸಾಯುವುದಿಲ್ಲ.

ಸಣ್ಣ ಮಕ್ಕಳಿಗೆ ವಾಂತಿ ಭೇದಿಯಾದಾಗ ಜೀವಕ್ಕೆ ಅಪಾಯ ತರುವುದು ದೇಹದ ನೀರು ಮತ್ತು ಲವಣಗಳ ನಷ್ಟ. ಓಆರ್‌ಎಸ್ ಪೊಟ್ಟಣ ಅಂಗನವಾಡಿ, ಆರೋಗ್ಯ ಕೇಂದ್ರಗಳಲ್ಲಿ ಉಚಿತವಾಗಿ ದೊರೆಯುತ್ತದೆ. ಅದು ಸಿಗುವವರೆಗೆ ಒಂದು ಲೀಟರ್ ಶುದ್ಧ ನೀರಿಗೆ ಮಟ್ಟಸವಾಗಿ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು ಕಲಸಿ, ಚಮಚ ಚಮಚವಾಗಿ ಕುಡಿಸುತ್ತಿರಬೇಕು. ಉಪ್ಪು ಈ ಅಳತೆ ಮೀರಬಾರದು. ತಾಯಿಯ ಹಾಲನ್ನು ನಿಲ್ಲಿಸಬಾರದು. ಅನ್ನ ತಿನ್ನುವ ಮಗುವಿಗೆ ತೆಳುವಾದ ಗಂಜಿ ಕೊಡಬೇಕು; ಆಯುರ್ವೇದವೂ ಇಂಥ ಸ್ಥಿತಿಯಲ್ಲಿ ಮೊದಲು ಹೇಳುವ ಆಹಾರ ಪೇಯ, ಅರ್ಥಾತ್ ಗಂಜಿಯೇ. ಇದರ ಜೊತೆಗೆ ಸತುವಿನ ಮಾತ್ರೆಯನ್ನು ಆರು ತಿಂಗಳು ದಾಟಿದ ಮಗುವಿಗೆ ದಿನಕ್ಕೆ 20 ಮಿಲಿಗ್ರಾಂನಂತೆ, ಎರಡರಿಂದ ಆರು ತಿಂಗಳ ಕೂಸಿಗೆ 10 ಮಿಲಿಗ್ರಾಂನಂತೆ, ಭೇದಿ ನಿಂತರೂ ಬಿಡದೆ 14 ದಿನ ಕೊಡಬೇಕು. ಕಣ್ಣು ಗುಳಿ ಬಿದ್ದರೆ, ಮೂತ್ರ ನಿಂತರೆ, ಮಲದಲ್ಲಿ ರಕ್ತ ಕಂಡರೆ, ಮಗು ಮಂಕಾಗಿ ಮಲಗಿದರೆ ಒಂದು ಗಳಿಗೆಯನ್ನೂ ಕಳೆಯದೆ ಆಸ್ಪತ್ರೆ ಸೇರಿಸಬೇಕು.

ನೀರಿನ ಮಾತಿನಲ್ಲಿಯೇ ಹೆಣ್ಣುಮಕ್ಕಳ ಒಂದು ಸಂಕಟವನ್ನು ಹೇಳಬೇಕು. ಚರಕಸಂಹಿತೆಯ ಸೂತ್ರಸ್ಥಾನದ ಏಳನೆಯ ಅಧ್ಯಾಯವು ತಡೆಯಬಾರದ ಹದಿಮೂರು ವೇಗಗಳನ್ನು ಹೇಳುತ್ತದೆ. ಅದರಲ್ಲಿ ಮೊದಲು ಬರುವುವು ಮೂತ್ರ ಮತ್ತು ಮಲ. ಶೌಚಾಲಯವಿಲ್ಲದ ನೆಲೆಯಲ್ಲಿ ಹೆಣ್ಣುಮಗಳು ಬೆಳಗಿನ ಕತ್ತಲಿನಿಂದ ಸಂಜೆಯ ಕತ್ತಲಿನವರೆಗೆ ಈ ವೇಗಗಳನ್ನು ತಡೆಯಲೇಬೇಕು. ಅದಕ್ಕಾಗಿ ಅವಳು ನೀರು ಕುಡಿಯುವುದನ್ನೇ ಕಡಿಮೆ ಮಾಡುತ್ತಾಳೆ. ಉರಿಮೂತ್ರ, ಮಲಬದ್ಧತೆ, ಮೂತ್ರಪಿಂಡದ ಸೋಂಕು ಒಂದರ ಹಿಂದೆ ಒಂದು ಬರುತ್ತವೆ. ಗರ್ಭಿಣಿಗೆ ಮೂತ್ರದ ಸೋಂಕಾದರೆ ತಿಂಗಳು ತುಂಬುವ ಮೊದಲೇ ಹೆರಿಗೆಯಾಗುವ ಭಯವೂ ಇದೆ. ಅವಳಿಗೆ ನಾವು ಚಂದ್ರಪ್ರಭಾವಟಿ ಕೊಡಬಹುದು, ಗೋಕ್ಷುರ ಕೊಡಬಹುದು. ಆದರೆ ಅವಳಿಗೆ ಬೇಕಾಗಿರುವ ಔಷಧ ಬಾಗಿಲುಳ್ಳ ಒಂದು ಶೌಚಾಲಯ.

ದೇಶ: ತಗ್ಗಿನ ನೆಲ

ಕೆಟ್ಟ ನೆಲದಲ್ಲಿ ಸೊಳ್ಳೆ, ನೊಣ, ಇಲಿ, ಹಾವುಗಳು ಹೆಚ್ಚುತ್ತವೆಂದು ಅದೇ ಅಧ್ಯಾಯ ಹೇಳುತ್ತದೆ. ಜೋಪಡಿಗಳಿಗೆ ದೊರೆಯುವುದು ಯಾರಿಗೂ ಬೇಡವಾದ ತಗ್ಗು ಜಾಗ, ಹಲವೆಡೆ ರಾಜಕಾಲುವೆಯ ಅಂಚು. ಮಳೆ ಬಂದರೆ ಚರಂಡಿಯ ನೀರು ಹಾಸಿಗೆಯವರೆಗೆ ಬರುತ್ತದೆ. ಇಲಿಯ ಮೂತ್ರ ಬೆರೆತ ಕೆಸರಿನಲ್ಲಿ ಗಾಯವಾದ ಕಾಲಿಟ್ಟು ನಡೆದರೆ ಇಲಿಜ್ವರ ಬರಬಹುದು. ಮೈಕೈನೋವು, ಜ್ವರ, ಕಣ್ಣು ಕೆಂಪಾಗುವುದು, ಕಾಲಿನ ಮೀನಖಂಡದ ನೋವು ಅದರ ಲಕ್ಷಣಗಳು. ಮೊದಲ ದಿನಗಳಲ್ಲಿ ಹಿಡಿದರೆ ಸಾಧಾರಣ ಔಷಧಕ್ಕೆ ಬಗ್ಗುತ್ತದೆ.

ಡೆಂಗಿಯ ಸೊಳ್ಳೆ ಕೊಳಚೆಯಲ್ಲಲ್ಲ, ತುಂಬಿಟ್ಟ ತಿಳಿನೀರಿನಲ್ಲಿ ಮೊಟ್ಟೆಯಿಡುತ್ತದೆ, ಹಗಲಿನಲ್ಲಿ ಕಚ್ಚುತ್ತದೆ. ಮೊಟ್ಟೆ ಸೊಳ್ಳೆಯಾಗಲು ಏಳರಿಂದ ಹತ್ತು ದಿನ ಸಾಕು. ಆದುದರಿಂದ ವಾರಕ್ಕೊಮ್ಮೆ ಡ್ರಮ್ಮನ್ನು ಪೂರ್ತಿ ಬರಿದುಮಾಡಿ, ಒಳಗಿನ ಗೋಡೆಯನ್ನು ತಿಕ್ಕಿ ತೊಳೆದು, ಮತ್ತೆ ತುಂಬಿ, ಬಟ್ಟೆ ಬಿಗಿದು ಮುಚ್ಚಬೇಕು. ಜ್ವರ ಬಂದಾಗ ಪ್ಯಾರಾಸಿಟಮಾಲ್ ಹೊರತಾಗಿ ಬೇರೆ ನೋವಿನ ಮಾತ್ರೆಗಳನ್ನು ಅಂಗಡಿಯಿಂದ ತಂದು ನುಂಗಬಾರದು. ಡೆಂಗಿಯಿದ್ದಲ್ಲಿ ಅವು ರಕ್ತಸ್ರಾವವನ್ನು ಹೆಚ್ಚಿಸುತ್ತವೆ. ಜ್ವರ ಇಳಿದ ಮೇಲೆ ಹೊಟ್ಟೆನೋವು, ಬಿಡದ ವಾಂತಿ, ತೀರದ ನಿತ್ರಾಣ ಕಂಡರೆ ಗುಣವಾಯಿತೆಂದು ತಿಳಿಯದೆ ಆಸ್ಪತ್ರೆಗೆ ಹೋಗಬೇಕು. ಅಪಾಯದ ವೇಳೆ ಅದೇ.

ಕಾಲ: ಬಿಸಿಲು ಮತ್ತು ಗುಳೆಯ ಋತು

ಋತುವಿನ ಗುಣಗಳು ಅತಿಯಾಗುವುದು, ಕಡಿಮೆಯಾಗುವುದು, ವಿಪರೀತವಾಗುವುದು ಕಾಲದ ಕೆಡುಕು. ತಾಡಪತ್ರಿಯ ಕೆಳಗೆ ಬೇಸಿಗೆಯ ಮಧ್ಯಾಹ್ನ ಹೊರಗಿನ ಬಿಸಿಲಿಗಿಂತ ಕಠಿಣವಾಗಿರುತ್ತದೆ. ಬಾಣಂತಿ, ಎಳೆಗೂಸು, ವೃದ್ಧರು ಆ ಹೊತ್ತಿನಲ್ಲಿ ಮರದ ನೆರಳಿಗೆ ಬರುವುದೇ ಕ್ಷೇಮ. ಕೆಲಸದಲ್ಲಿರುವವರು ಬಾಯಾರಿಕೆಗೆ ಕಾಯದೆ ಆಗಾಗ ನೀರು, ಉಪ್ಪು ಹಾಕಿದ ಮಜ್ಜಿಗೆ ಕುಡಿಯಬೇಕು. ಮೈ ಬೆಂಕಿಯಂತೆ ಕಾದು ಮಾತು ತೊದಲಿದರೆ, ಎಚ್ಚರ ತಪ್ಪಿದರೆ ಅದು ಬಿಸಿಲಿನ ಆಘಾತ. ನೆರಳಿಗೆ ತಂದು, ಮೈಗೆ ನೀರು ಹಾಕಿ ಗಾಳಿ ಬೀಸುತ್ತ 108ಕ್ಕೆ ಕರೆ ಮಾಡಬೇಕು. ಎಚ್ಚರವಿಲ್ಲದವರ ಬಾಯಿಗೆ ನೀರು ಹಾಕಬಾರದು.

ನಮ್ಮ ಜನರಿಗೆ ಕಾಲದ ಇನ್ನೊಂದು ಅರ್ಥವೂ ಇದೆ. ಗುಳೆ ಹೋಗುವ ಕಾಲ, ಜಾತ್ರೆಗೋ ಕಾರಹುಣ್ಣಿಮೆಗೋ ಮರಳುವ ಕಾಲ. ಮಗುವಿನ ಲಸಿಕೆಗಳು 6, 10, 14 ವಾರಗಳಿಗೆ, ಆಮೇಲೆ 9 ತಿಂಗಳಿಗೆ, ಅನಂತರ 16ರಿಂದ 24 ತಿಂಗಳ ನಡುವೆ ಬರುತ್ತವೆ. ಈ ದಿನಗಳು ಗುಳೆಯ ದಿನಗಳೊಡನೆ ಡಿಕ್ಕಿ ಹೊಡೆಯುತ್ತವೆ. ಊರಿನ ಆಶಾ ಕಾರ್ಯಕರ್ತೆಯ ಪುಸ್ತಕದಲ್ಲಿ ಮಗುವಿದೆ, ಮಗು ಮಾತ್ರ ಊರಿನಲ್ಲಿಲ್ಲ. ಬೆಂಗಳೂರಿನಲ್ಲಿ ಮಗುವಿದೆ, ಅಲ್ಲಿಯ ಯಾವ ಪುಸ್ತಕದಲ್ಲಿಯೂ ಇಲ್ಲ. ಲಸಿಕೆಯನ್ನು ರಾಜ್ಯದ ಯಾವ ಸರಕಾರಿ ಕೇಂದ್ರದಲ್ಲಾದರೂ ಹಾಕುತ್ತಾರೆ. ತಾಯಿ ಕಾರ್ಡನ್ನು ಜೊತೆಗೆ ಒಯ್ದಿರಬೇಕು, ಅಷ್ಟೆ. ತಡವಾದ ಲಸಿಕೆಯನ್ನು ಬಿಟ್ಟುಬಿಡಬೇಕೆಂದಿಲ್ಲ, ಹಾಕಿಸಬಹುದು.

ಜೋಳ ಬಿಟ್ಟ ಮೇಲೆ

ನಮ್ಮ ಭಾಗದವರು ಜೋಳದ ರೊಟ್ಟಿ, ಬೇಳೆ, ಪುಂಡಿಪಲ್ಯ, ಶೇಂಗಾ ಹಿಂಡಿ ತಿಂದು ಬೆಳೆದವರು. ಆಯುರ್ವೇದವು ಇದನ್ನು ಸಾತ್ಮ್ಯವೆನ್ನುತ್ತದೆ. ಜೋಪಡಿಗೆ ಹೋದ ಮೇಲೆ ರೊಟ್ಟಿ ಬಡಿಯಲು ವೇಳೆಯಿಲ್ಲ, ಜೋಳ ದುಬಾರಿ. ಬೆಳಗ್ಗೆ ಚಹಾ ಮತ್ತು ಬನ್ನು, ಮಧ್ಯಾಹ್ನ ಅನ್ನ ಮತ್ತು ಉಪ್ಪಿನಕಾಯಿ, ರಾತ್ರಿ ಮತ್ತೆ ಅನ್ನ ಮತ್ತು ನೀರಾದ ಸಾರು. ಹೊಟ್ಟೆ ತುಂಬುತ್ತದೆ, ರಕ್ತ ತುಂಬುವುದಿಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ಸ್ತ್ರೀಯರಲ್ಲಿ ಶೇಕಡಾ 47.8, ಐದು ವರ್ಷದೊಳಗಿನ ಮಕ್ಕಳಲ್ಲಿ ಶೇಕಡಾ 65.5 ಮಂದಿಗೆ ರಕ್ತಹೀನತೆಯಿದೆ. ಇದು ಇಡೀ ರಾಜ್ಯದ ಲೆಕ್ಕ.

ಇಟ್ಟಿಗೆ ಹೊರುವ ಹೆಣ್ಣುಮಗಳಿಗೆ ಏದುಸಿರು, ತಲೆಸುತ್ತು ಬಂದರೆ ಅದನ್ನು ಸೋಮಾರಿತನವೆಂದು ಮೇಸ್ತ್ರಿ ಬಗೆಯುತ್ತಾನೆ. ಅದು ಪಾಂಡುರೋಗ. ಊರಿಂದ ಹೋಗುವಾಗ ಒಂದು ಚೀಲ ಜೋಳದ ಹಿಟ್ಟು, ಹುರಿದ ಶೇಂಗಾ, ಬೆಲ್ಲ, ಒಣಗಿಸಿದ ನುಗ್ಗೆಸೊಪ್ಪಿನ ಪುಡಿ ಕಟ್ಟಿಕೊಡಬಹುದು. ಮೊಳಕೆ ಬರಿಸಿದ ಹೆಸರುಕಾಳಿಗೆ ಒಲೆಯೂ ಬೇಕಿಲ್ಲ. ಅದಕ್ಕೆ ಲಿಂಬೆ ಹಿಂಡಿದರೆ ಕಬ್ಬಿಣಾಂಶ ಚೆನ್ನಾಗಿ ಮೈಗೆ ಹತ್ತುತ್ತದೆ. ಊಟದ ಜೊತೆಗೆ ಚಹಾ ಕುಡಿದರೆ ಹತ್ತುವುದಿಲ್ಲ. ಗರ್ಭಿಣಿಯರು ಕಬ್ಬಿಣದ ಮಾತ್ರೆಯನ್ನು ಕನಿಷ್ಠ 180 ದಿನ ತಪ್ಪದೆ ನುಂಗಬೇಕು. ಮಾತ್ರೆಯಿಂದ ಮಲ ಕಪ್ಪಾಗುವುದು ಸಹಜ. ಅದಕ್ಕೆ ಹೆದರಿ ಬಿಡಬಾರದು.

ಅರ್ಧಕ್ಕೆ ನಿಂತ ಚಿಕಿತ್ಸೆ

ನಮ್ಮ ಚಿಕಿತ್ಸಾಲಯಕ್ಕೆ ಜಾತ್ರೆಯ ದಿನಗಳಲ್ಲಿ ಬರುವವರಲ್ಲಿ ನಮಗೆ ಹೆಚ್ಚು ಚಿಂತೆ ತರುವವರು ಕ್ಷಯರೋಗದ ಮಾತ್ರೆಗಳನ್ನು ನಡುವೆ ಬಿಟ್ಟವರು. ಗೌಂಡಿ ಕೆಲಸದ ಒಬ್ಬರು, ಇನ್ನೂ ನಲವತ್ತು ತುಂಬದವರು, ಸೊರಗಿದ ಮೈಯಲ್ಲಿ ಬಂದು ರಸಾಯನ ಕೊಡಿರೆಂದು ಕೇಳಿದರು. ವಿಚಾರಿಸಿದಾಗ ಚೀಲದಿಂದ ಅರ್ಧ ಉಳಿದ ಮಾತ್ರೆಯ ಹಾಳೆಗಳನ್ನು ತೆಗೆದರು. “ಎರಡು ತಿಂಗಳಿಗೇ ಕೆಮ್ಮು ನಿಂತಿತ್ರಿ. ಬಿಲ್ಡಿಂಗ್ ಕೆಲಸ ಮುಗದು ಜೋಪಡಿ ಬ್ಯಾರೆ ಕಡೆ ಹೋತು. ಮತ್ಯಾಕ ಗುಳಿಗಿ ಅಂತ ಬಿಟ್ಟೆ” ಎಂದರು. ಅವರನ್ನು ಅಂದೇ ತಾಲೂಕು ಆಸ್ಪತ್ರೆಗೆ ಕಳುಹಿಸಿದೆವು. ಅವರ ಹೆಂಡತಿ ಮಕ್ಕಳ ತಪಾಸಣೆಯೂ ಆಗಬೇಕೆಂದು ಚೀಟಿಯಲ್ಲಿ ಬರೆದೆವು.

ರಾಜಯಕ್ಷ್ಮಕ್ಕೆ ಚರಕಸಂಹಿತೆಯು ನಾಲ್ಕು ಕಾರಣಗಳನ್ನು ಹೇಳುತ್ತದೆ: ಶಕ್ತಿ ಮೀರಿದ ಶ್ರಮ, ವೇಗಗಳನ್ನು ತಡೆಯುವುದು, ಧಾತುಕ್ಷಯ, ಹೊತ್ತುಗೊತ್ತಿಲ್ಲದ ವಿಷಮ ಭೋಜನ. ಜೋಪಡಿಯ ಬದುಕಿನಲ್ಲಿ ಈ ನಾಲ್ಕೂ ಇವೆ. ಇಂದು ರೋಗಾಣುವನ್ನು ಬಲ್ಲೆವು, ಅದನ್ನು ಕೊಲ್ಲುವ ಔಷಧವೂ ಉಚಿತವಾಗಿ ಸಿಗುತ್ತದೆ. ಇಲ್ಲಿ ನಾವು ಸ್ಪಷ್ಟವಾಗಿ ಹೇಳಬಯಸುತ್ತೇವೆ. ಕ್ಷಯಕ್ಕೆ ಚ್ಯವನಪ್ರಾಶವಾಗಲಿ ಬೇರೆ ಯಾವುದೇ ರಸಾಯನವಾಗಲಿ ಆ ಮಾತ್ರೆಗಳಿಗೆ ಬದಲಿಯಲ್ಲ. ಬಲ ಹೆಚ್ಚಿಸಲು ವೈದ್ಯರ ಸಲಹೆಯಂತೆ ಜೊತೆಗೆ ತೆಗೆದುಕೊಳ್ಳಬಹುದು. ಮಾತ್ರೆ ಬಿಟ್ಟು ಅದನ್ನು ತೆಗೆದುಕೊಳ್ಳುವಂತಿಲ್ಲ. ಸಾಮಾನ್ಯ ಕ್ಷಯಕ್ಕೆ ಚಿಕಿತ್ಸೆ ಆರು ತಿಂಗಳು. ಎರಡನೆಯ ತಿಂಗಳಿಗೆ ಕೆಮ್ಮು ನಿಲ್ಲುತ್ತದೆ, ಹಸಿವಾಗುತ್ತದೆ. ಆದರೆ ರೋಗಾಣು ಒಳಗೆ ಉಳಿದಿರುತ್ತದೆ. ಆಗ ಬಿಟ್ಟರೆ ಅದು ಔಷಧಕ್ಕೆ ಬಗ್ಗದ ರೂಪದಲ್ಲಿ ಮರಳಬಹುದು. ಆ ರೂಪದ ರೋಗವೇ ಕಿಷ್ಕಿಂಧೆಯಂಥ ಜೋಪಡಿಯಲ್ಲಿ ಮಗುವಿಗೂ ತಗಲಬಹುದು.

ಊರು ಬದಲಾಯಿತೆಂದು ಚಿಕಿತ್ಸೆ ನಿಲ್ಲಬೇಕಾಗಿಲ್ಲ. ಪ್ರತಿ ರೋಗಿಗೂ ‘ನಿಕ್ಷಯ್’ ಸಂಖ್ಯೆಯೊಂದನ್ನು ಕೊಡುತ್ತಾರೆ. ಆ ಸಂಖ್ಯೆ ತೋರಿಸಿದರೆ ದೇಶದ ಯಾವ ಸರಕಾರಿ ಕೇಂದ್ರಕ್ಕಾದರೂ ಚಿಕಿತ್ಸೆಯನ್ನು ವರ್ಗಾಯಿಸಿಕೊಳ್ಳಬಹುದು. ಪೌಷ್ಟಿಕ ಆಹಾರಕ್ಕೆಂದು ಚಿಕಿತ್ಸೆಯ ಅವಧಿಯಲ್ಲಿ ತಿಂಗಳಿಗೆ ಕೊಡುತ್ತಿದ್ದ 500 ರೂಪಾಯಿಯನ್ನು 2024ರ ನವೆಂಬರಿನಿಂದ 1000 ರೂಪಾಯಿಗೆ ಏರಿಸಲಾಗಿದೆ. ಎರಡು ವಾರ ಮೀರಿದ ಕೆಮ್ಮು, ಸಂಜೆಯ ಜ್ವರ, ತೂಕ ಇಳಿಯುವುದು ಇವುಗಳಲ್ಲಿ ಒಂದು ಕಂಡರೂ ಕಫ ಪರೀಕ್ಷೆ ಮಾಡಿಸಬೇಕು.

ಕಾಗದಪತ್ರಗಳ ಮಾತು

ಸೌಲಭ್ಯಗಳು ಇಲ್ಲವೆಂದಲ್ಲ. 2022ರ ಡಿಸೆಂಬರಿನಿಂದ ನಗರಗಳಲ್ಲಿ ‘ನಮ್ಮ ಕ್ಲಿನಿಕ್’ಗಳು ಆರಂಭವಾಗಿವೆ, ತಪಾಸಣೆ, ಔಷಧ ಉಚಿತ. ಆದರೆ ಬಹುಪಾಲು ಹಗಲಿನ ಕೆಲಸದ ಹೊತ್ತಿನಲ್ಲಿಯೇ ತೆರೆದಿರುವುದರಿಂದ ದಿನಗೂಲಿಯವನು ಅಲ್ಲಿಗೆ ಹೋಗಲು ಒಂದು ದಿನದ ಕೂಲಿ ಬಿಡಬೇಕು. ಅದಕ್ಕಾಗಿ ಅವನು ರಾತ್ರಿ ತೆರೆದಿರುವ, ಓದಿಲ್ಲದ ವೈದ್ಯನ ಬಳಿ ಸೂಜಿ ಮಾಡಿಸಿಕೊಂಡು ಬೆಳಗ್ಗೆ ಕೆಲಸಕ್ಕೆ ಹೋಗುತ್ತಾನೆ. ಆ ಸೂಜಿಯಲ್ಲಿ ಸ್ಟೀರಾಯ್ಡ್ ಇದ್ದರೆ ನೋವು ಅಡಗುತ್ತದೆ, ರೋಗ ಬೆಳೆಯುತ್ತದೆ.

ಪಡಿತರ ಚೀಟಿಯನ್ನು ಊರಲ್ಲಿಯೇ ಇಟ್ಟು ಹೋಗುವವರು ಬಹಳ. ಒಂದೇ ಚೀಟಿಯ ಮೇಲೆ ಬೆಂಗಳೂರಿನಲ್ಲಿರುವವರು ಅಲ್ಲಿಯ ನ್ಯಾಯಬೆಲೆ ಅಂಗಡಿಯಲ್ಲಿ ಒಂದು ಪಾಲನ್ನೂ, ಊರಿನಲ್ಲಿರುವ ವೃದ್ಧರು ಉಳಿದ ಪಾಲನ್ನೂ ಪಡೆಯಬಹುದು. ಬಿಪಿಎಲ್ ಕುಟುಂಬಕ್ಕೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ವರ್ಷಕ್ಕೆ ಐದು ಲಕ್ಷ ರೂಪಾಯಿಯವರೆಗೆ ಚಿಕಿತ್ಸೆಯ ರಕ್ಷಣೆಯಿದೆ. ವರ್ಷದಲ್ಲಿ 90 ದಿನ ಕಟ್ಟಡ ಕೆಲಸ ಮಾಡಿದ 18ರಿಂದ 60 ವಯಸ್ಸಿನವರು ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ಹೆಸರು ನೋಂದಾಯಿಸಬಹುದು.

ಆದರೆ ನೆಲೆಯೇ ಕಿತ್ತುಹೋದಾಗ ಇದೆಲ್ಲ ಚೆಲ್ಲಾಪಿಲ್ಲಿಯಾಗುತ್ತದೆ. 2020ರ ಜನವರಿಯಲ್ಲಿ ಬೆಳ್ಳಂದೂರು ಬಳಿಯ ಕರಿಯಮ್ಮನ ಅಗ್ರಹಾರದಲ್ಲಿ ಗುಡಿಸಲುಗಳನ್ನು ಕೆಡವಿದಾಗ ಬೀದಿಗೆ ಬಿದ್ದವರಲ್ಲಿ ಉತ್ತರ ಕರ್ನಾಟಕದ ಕೂಲಿಕಾರರೂ ಇದ್ದರು. ಇಂಥ ದಿನ ತಾಯಿ ಕಾರ್ಡು, ಮಾತ್ರೆಯ ಹಾಳೆ, ಆಧಾರ್ ಚೀಟಿ ಎಲ್ಲವೂ ಮಣ್ಣುಪಾಲಾಗಬಹುದು. ಎಲ್ಲ ಕಾಗದಗಳನ್ನು ಮೊಬೈಲಿನಲ್ಲಿ ಚಿತ್ರ ತೆಗೆದಿಟ್ಟು, ಊರಿನ ಒಬ್ಬ ನಂಬಿಕಸ್ತರಿಗೂ ಕಳುಹಿಸಿರುವುದು ಜಾಣತನ.

ಸದ್ಭಕ್ತರು ಮಾಡಬಹುದಾದುದು

ಜನಪದೋದ್ಧ್ವಂಸದ ಅಧ್ಯಾಯದಲ್ಲಿ ಅಗ್ನಿವೇಶನು ಇನ್ನೊಂದು ಪ್ರಶ್ನೆಯನ್ನೂ ಕೇಳುತ್ತಾನೆ: ಈ ನಾಲ್ಕು ಕೆಡುವುದಾದರೂ ಏಕೆ? ಅಧರ್ಮವೇ ಅದರ ಮೂಲ, ಅದು ನಾಡು ನಗರಗಳ ಮುಖ್ಯಸ್ಥರಿಂದ ಮೊದಲಾಗಿ ಉಳಿದವರಿಗೆ ಹರಡುತ್ತದೆ ಎಂಬುದು ಆತ್ರೇಯರ ಉತ್ತರ. ಗಾಳಿ ನೀರು ಕೆಟ್ಟಿದ್ದಕ್ಕೆ ಅದನ್ನು ಸೇವಿಸುವವನನ್ನು ಆ ಋಷಿ ದೂರಲಿಲ್ಲ. ಜೋಪಡಿಯವರನ್ನು ಕೊಳಕು ಜನರೆಂದು ದೂರುವ ಮೊದಲು ಇದನ್ನು ನಾವು ನೆನೆಯಬೇಕು. ಕಾಯಕಕ್ಕಾಗಿ ಊರು ಬಿಟ್ಟವರು ಅವರು.

ಹಬ್ಬದ ದಿನ ಹಣ್ಣು, ಕಂಬಳಿ, ಔಷಧ ಹಂಚಿ ಬರುವುದು ಒಳ್ಳೆಯದೇ. ಆದರೆ ಒಂದು ದಿನದ ಶಿಬಿರದಿಂದ ಆರು ತಿಂಗಳ ಚಿಕಿತ್ಸೆ ನಡೆಯುವುದಿಲ್ಲ. ದಾಸೋಹವು ಕೊಡುವ ಕೈಯ ಅನುಕೂಲಕ್ಕಿಂತ ಪಡೆಯುವವರ ಅಗತ್ಯವನ್ನು ನೋಡಬೇಕು.

ಮನೆ, ಅಂಗಡಿ, ಕಲ್ಯಾಣಮಂಟಪ ಕಟ್ಟಿಸುತ್ತಿರುವ ಭಕ್ತರು ನಮ್ಮಲ್ಲಿ ಎಷ್ಟೋ ಮಂದಿ ಇದ್ದಾರೆ. ಕುಡಿಯುವ ನೀರು, ಶೌಚಾಲಯ, ತಾತ್ಕಾಲಿಕ ವಸತಿ, ಐವತ್ತಕ್ಕಿಂತ ಹೆಚ್ಚು ಹೆಣ್ಣಾಳುಗಳಿದ್ದರೆ ಮಕ್ಕಳಿಗೆ ಕೂಸಿನ ಮನೆ, ಇವನ್ನು ಕಟ್ಟಡದ ಮಾಲೀಕರೇ ಒದಗಿಸಬೇಕೆಂದು 1996ರ ಕೇಂದ್ರ ಕಾಯಿದೆ ವಿಧಿಸಿತ್ತು. ಸಣ್ಣ ಕಟ್ಟಡಕ್ಕೆ ಕಾಯಿದೆ ತಾಗದಿದ್ದರೂ ಧರ್ಮ ತಾಗುತ್ತದೆ. ಪಾಯ ತೋಡುವ ಮೊದಲು ಬಾಗಿಲುಳ್ಳ ಒಂದು ಶೌಚಾಲಯ ಕಟ್ಟಿಸಿರಿ. ಕುಡಿಯಲು ಬೇರೆ ನೀರು, ಮುಚ್ಚಳವಿರುವ ಬೇರೆ ಪಾತ್ರೆ ಇರಿಸಿರಿ. ಕಾವಲಿಗೆ ಕೂತ ಕುಟುಂಬಕ್ಕೆ ಸಣ್ಣ ಅನಿಲ ಸಿಲಿಂಡರೊಂದನ್ನು ಕೊಡಿಸಿರಿ. ಆಳು ಆಸ್ಪತ್ರೆಗೆ ಹೋದ ದಿನದ ಕೂಲಿಯನ್ನು ಹಿಡಿಯದಿರಿ.

ನಗರದಲ್ಲಿರುವ ಭಕ್ತರು ತಮ್ಮ ಬಡಾವಣೆಯ ಹತ್ತಿರದ ಒಂದು ಜೋಪಡಿ ಗುಂಪನ್ನು ಆರಿಸಿಕೊಳ್ಳಬಹುದು. ತಿಂಗಳಿಗೊಮ್ಮೆ ಹೋಗಿ ಗರ್ಭಿಣಿಯರು ಎಷ್ಟು, ಎರಡು ವರ್ಷದೊಳಗಿನ ಮಕ್ಕಳು ಎಷ್ಟು, ಬಹುದಿನದ ಕೆಮ್ಮು ಯಾರಿಗಿದೆ ಎಂದು ಬರೆದುಕೊಂಡು, ಆ ಪಟ್ಟಿಯನ್ನು ಹತ್ತಿರದ ಆರೋಗ್ಯ ಕೇಂದ್ರಕ್ಕೆ ತಲುಪಿಸಿದರೆ ಸಾಕು. ಮೊದಲ ಸಲ ಒಬ್ಬರನ್ನು ಜೊತೆಗೆ ಕರೆದೊಯ್ದು ದಾರಿ ತೋರಿಸಿದರೆ ಎರಡನೆಯ ಸಲ ಅವರೇ ಹೋಗುತ್ತಾರೆ.

ಊರಿನಲ್ಲಿರುವ ಭಕ್ತರ ಕೆಲಸ ಇನ್ನೂ ಸುಲಭ. ಗುಳೆ ಹೊರಟವರ ಮನೆಗೆ ಹೊರಡುವ ಮುನ್ನ ಹೋಗಿರಿ. ತಾಯಿ ಕಾರ್ಡು, ಪಡಿತರ ಚೀಟಿ, ಆಧಾರ್, ಕ್ಷಯದ ಚಿಕಿತ್ಸೆ ನಡೆದಿದ್ದರೆ ನಿಕ್ಷಯ್ ಸಂಖ್ಯೆ, ರಕ್ತದೊತ್ತಡ ಮಧುಮೇಹದ ಮಾತ್ರೆಗಳು, ನಾಲ್ಕು ಓಆರ್‌ಎಸ್ ಪೊಟ್ಟಣಗಳು ಅವರ ಗಂಟಿನಲ್ಲಿವೆಯೆ ಎಂದು ಕೇಳಿರಿ. ಹಿಂದೆ ಉಳಿದ ವೃದ್ಧರನ್ನು ವಾರಕ್ಕೊಮ್ಮೆ ಮಾತನಾಡಿಸಿರಿ. ಜಾತ್ರೆಗೆ ಮರಳಿದವರಲ್ಲಿ ಯಾರಾದರೂ ಸೊರಗಿ ಕೆಮ್ಮುತ್ತಿದ್ದರೆ ತೇರು ಎಳೆಯುವ ಮೊದಲೇ ಅವರನ್ನು ಆಸ್ಪತ್ರೆಗೆ ಕರೆದೊಯ್ಯಿರಿ.